ಸದ್ದು ಬಿಟ್ಟ ನಾಲ್ಕು ಗಾಡಿಗಳು

ಹಳೇ ಗಾಡಿ ರಿಪೇರಿ ಮಾಡುವವರಿಗೆ ನಗುವುದಕ್ಕೆ ಪುರಸೊತ್ತು ಇರುವುದಿಲ್ಲ. ಆದರೆ ನಗುವಂಥ ಸಂಗತಿಗಳಿಗೆ ನಮ್ಮ ಷೆಡ್ಡಿಗೆ ಬರಲು ಯಾವಾಗಲೂ ಪುರಸೊತ್ತು ಇರುತ್ತದೆ. ಅವು ನಡೆಯುವಾಗ ಜೀವ ಬಾಯಿಗೆ ಬಂದಿರುತ್ತದೆ. ವಾರ ಕಳೆದ ಮೇಲೆ ಟೀ ಕುಡಿಯುತ್ತಾ ನೆನೆದರೆ ಟೀ ಮೂಗಿಗೆ ಹತ್ತುತ್ತದೆ. ಈಗ ಹೇಳುವ ನಾಲ್ಕೂ ಅಂಥವೇ. ಕೊನೆಯದಕ್ಕೆ ಮಾತ್ರ ನಾನು ಮೊದಲು ಅತ್ತು ಆಮೇಲೆ ನಕ್ಕೆ.

ನಾನು ಹೊನ್ನಾಳಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುವವಳು. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ಗಂಡ ಕಲಿಸಿದ್ದು. ಅವರು ತೀರಿಕೊಂಡ ವರ್ಷವೇ ಬಾಡಿಗೆ ಅಂಗಡಿಯನ್ನೂ ಬಿಡಬೇಕಾಯಿತು. ಆಗ ಪಕ್ಕದ ಡೀಸೆಲ್ ಮೇಸ್ತ್ರಿ ತಮ್ಮ ಷೆಡ್ಡಿನ ನಡುವೆ ಸುಣ್ಣದಲ್ಲಿ ಒಂದು ಗೆರೆ ಎಳೆದು, "ಈ ಕಡೆ ನಿಂದು, ಆ ಕಡೆ ನಂದು. ಗೆರೆ ದಾಟಿ ನನ್ನ ಸ್ಪ್ಯಾನರ್ ಮುಟ್ಟಿದ್ರೆ ಮಾತ್ರ ನಾನು ಸುಮ್ನಿರೋನಲ್ಲ ನೋಡವ್ವಾ" ಎಂದರು. ಹನ್ನೊಂದು ವರ್ಷವಾಯಿತು. ಗೆರೆ ಎಂದೋ ಅಳಿಸಿಹೋಗಿದೆ. ಸ್ಪ್ಯಾನರ್ ಮುಟ್ಟಿದರೆ ಇವತ್ತಿಗೂ ಬೈಯುತ್ತಾರೆ.

ಮೇಸ್ತ್ರಿ ಸಾಸ್ವೆಹಳ್ಳಿಯವರು, ಅರವತ್ತು ದಾಟಿದವರು, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವರು. ಬೆನ್ನ ಹಿಂದೆ ನಿಂತು ಮಾತಾಡಿಸಿದರೆ ತಿರುಗಿಯೂ ನೋಡುವುದಿಲ್ಲ, "ಮಾತಾಡೋದಿದ್ರೆ ಎದುರಿಗೆ ಬಂದು ಮಾತಾಡ್ರಿ, ಕಳ್ಳರಂಗೆ ಹಿಂದೆ ನಿಂತು ಏನು?" ಎನ್ನುತ್ತಾರೆ. ಫೋನು ಬಂದರೆ "ಕೈಯೆಲ್ಲ ಗ್ರೀಸು" ಎಂದು ನನ್ನ ಕೈಗೆ ಕೊಡುತ್ತಾರೆ. ಆದರೆ ಎಂಜಿನ್ನಿನ ವಿಷಯಕ್ಕೆ ಬಂದರೆ ಈ ಸೀಮೆಗೆಲ್ಲ ಅವರೇ ಡಾಕ್ಟರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಅರ್ಧ ನಿಮಿಷ. ಆಮೇಲೆ "ಮೂರನೇ ವಾಲ್ವು" ಎಂದರೆ ಮುಗಿಯಿತು, ಬಿಚ್ಚಿದರೆ ಮೂರನೇ ವಾಲ್ವೇ. ಬೇರೆ ಮೆಕ್ಯಾನಿಕ್ಕುಗಳು ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಮೊದಮೊದಲು ಇವರೂ ಕಿವಿಗೇ ಇಟ್ಟುಕೊಳ್ಳುತ್ತಿದ್ದರು. ಬಾಯಿಗೆ ಯಾವಾಗ ಹೋಯಿತೋ ನೆನಪಿಲ್ಲ. "ಮೇಸ್ತ್ರಿ ಎಂಜಿನ್ನಿಗೆ ಮುತ್ತು ಕೊಡಾಕೆ ಹತ್ಯಾರೆ" ಎಂದು ಡ್ರೈವರುಗಳು ನಗುತ್ತಿದ್ದರು. ವಯಸ್ಸಾದವರ ಷೋಕಿ ಎಂದು ನಾನೂ ನಗುತ್ತಿದ್ದೆ.

ಈಚೆಗೆ ಹಳೇ ಪಿಕಪ್ಪುಗಳು ಒಂದೊಂದಾಗಿ ಗುಜರಿಗೆ ಹೋಗತೊಡಗಿದವು. ಮೇಸ್ತ್ರಿಯ ಅರ್ಧ ಷೆಡ್ಡು ಖಾಲಿ ಬೀಳತೊಡಗಿತು. "ಇನ್ನೊಂದು ವರ್ಷ ನೋಡ್ತೀನವ್ವಾ, ಆಮೇಲೆ ಶಟರ್ ಎಳೆದು ಊರಿಗೆ ಹೋಗ್ತೀನಿ" ಎಂದರು ಒಂದು ದಿನ. ಹೋಗಲು ಬಿಡಬಾರದೆಂದು ನಾನು ಅವತ್ತೇ ಹಟ ತೊಟ್ಟೆ. ಅಲ್ಲಿ ಇಲ್ಲಿ ವಿಚಾರಿಸಿ ಹೈಬ್ರಿಡ್ ಕಿಟ್ ಕೊಡುವ ಒಂದು ಕಂಪನಿ ಹಿಡಿದೆ. ಹಳೇ ಡೀಸೆಲ್ ಎಂಜಿನ್ ಹಾಗೇ ಇರುತ್ತದೆ. ಹಿಂದಿನ ಗಾಲಿ ತಿರುಗಿಸುವ ಶಾಫ್ಟಿಗೆ ಒಂದು ಕರೆಂಟಿನ ಮೋಟಾರು, ಲೋಡು ಹಾಕುವ ಡೆಕ್ಕಿನ ಕೆಳಗೆ ಬ್ಯಾಟರಿ ಪೆಟ್ಟಿಗೆ. ಊರೊಳಗೆ ಮೆಲ್ಲಗೆ ಹೋಗುವಾಗ ಮೋಟಾರು ಎಳೆಯುತ್ತದೆ, ಎಂಜಿನ್ ಮಲಗಿರುತ್ತದೆ. ದೊಡ್ಡ ರಸ್ತೆ, ಭಾರದ ಲೋಡು ಅಂದಾಗ ಎಂಜಿನ್ ಎದ್ದು ಕೈಜೋಡಿಸುತ್ತದೆ. ಬ್ರೇಕು ಒತ್ತಿದರೆ, ಇಳಿಜಾರಿನಲ್ಲಿ ಉರುಳಿದರೆ ಬ್ಯಾಟರಿ ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ.

ಕಂಪನಿಯ ಷರತ್ತು ಒಂದೇ. ಮೊದಲು ನಾಲ್ಕು ಹಳೇ ಗಾಡಿಗಳಿಗೆ ಕಿಟ್ ಕೂರಿಸಬೇಕು, ನಾಲ್ಕೂ ಮಾಲೀಕರಿಂದ "ನಮಗೆ ತೃಪ್ತಿಯಾಗಿದೆ" ಎಂದು ಪತ್ರ ತರಬೇಕು, ಕೊನೆಗೆ ಅವರ ಎಂಜಿನಿಯರ್ ಬಂದು ನೋಡಿ ಒಪ್ಪಬೇಕು. ಆಗ ನಮ್ಮ ಷೆಡ್ಡಿಗೆ ಕಂಪನಿಯ ಅಧಿಕೃತ ಸೆಂಟರ್ ಎಂಬ ಬೋರ್ಡು. ಬೋರ್ಡು ಬಂದರೆ ಮೇಸ್ತ್ರಿ ಉಳಿಯುತ್ತಾರೆ, ಇಲ್ಲದಿದ್ದರೆ ಶಟರು.

ಮೊದಲ ಗಾಡಿ ತಯಾರಾದ ದಿನ ನಾನು ಎಂಜಿನ್ ಎಬ್ಬಿಸದೆ ಅಂಗಳದಲ್ಲಿ ಒಂದು ಸುತ್ತು ಹಾಕಿಸಿದೆ. ಪಕ್ಕದ ಟೀ ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಮಾತ್ರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ನಡುಕಾನೇ ಇಲ್ಲವಲ್ಲವ್ವಾ ಇದಕ್ಕೆ" ಎಂದು ಮುಖ ಸಣ್ಣದು ಮಾಡಿಕೊಂಡು ತಮ್ಮ ಮೂಲೆಗೆ ಹೋಗಿ ಕುಳಿತರು. ನಲವತ್ತು ವರ್ಷ ಎಂಜಿನ್ ಸದ್ದನ್ನೇ ಉಂಡು ಬದುಕಿದ ಮನುಷ್ಯ. ಅವರನ್ನು ಉಳಿಸಿಕೊಳ್ಳಲು ಹೋಗಿ ಅವರ ಸದ್ದನ್ನೇ ಕಿತ್ತುಕೊಂಡೆನಲ್ಲ ಎಂಬ ಕೊರಗು ನನಗೆ ಹತ್ತಿತು. ಆ ಕೊರಗು ಕೊನೆಯ ಗಾಡಿಯವರೆಗೂ ಹೋಗಲಿಲ್ಲ.

ದಿಬ್ಬದ ಮೇಲಿನ ಗಾಡಿ

ಮೊದಲ ಗಾಡಿ ನ್ಯಾಮತಿಯ ಒಬ್ಬ ಇಟ್ಟಿಗೆ ಸಾಗಿಸುವವರದು. ಅವರ ಪಿಕಪ್ಪಿನ ಸ್ಟಾರ್ಟರ್ ಹಾಳಾಗಿ ಎಷ್ಟೋ ವರ್ಷವಾಗಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ, ಎಲ್ಲೇ ಹೋದರೂ ಗಾಡಿಯನ್ನು ದಿಬ್ಬದ ಮೇಲೆ ನಿಲ್ಲಿಸುವುದು. ಹೊರಡುವಾಗ ಉರುಳಿಸಿ, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಢಬ್ ಎಂದು ಎಂಜಿನ್ ಹತ್ತುತ್ತಿತ್ತು. ನ್ಯಾಮತಿಯಲ್ಲಿ ಎಲ್ಲೆಲ್ಲಿ ಇಳಿಜಾರಿದೆ ಎಂದು ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ. ಹೆಣ್ಣು ನೋಡಲು ಹೋದ ಮನೆಯ ಮುಂದೆ ಸಮತಟ್ಟು ಎಂದು ಅವರ ಮಗನಿಗೆ ಆ ಸಂಬಂಧ ಬೇಡವೆಂದಿದ್ದರು ಎಂಬ ಮಾತೂ ಇದೆ. ನಿಜವೋ ಸುಳ್ಳೋ ನಾನು ಕೇಳಿಲ್ಲ.

ಕಿಟ್ ಕೂರಿಸಿ, ಸ್ಟಾರ್ಟರನ್ನೂ ಸರಿಮಾಡಿ, ನಾವೇ ಓಡಿಸಿಕೊಂಡು ಹೋಗಿ ಮುಟ್ಟಿಸಿ ಬಂದ ಮಾರನೇ ದಿನ ಫೋನು. ಮೇಸ್ತ್ರಿ ಎಂದಿನಂತೆ ನನಗೆ ಕೊಟ್ಟರು.

"ಅಕ್ಕಾ, ಗಾಡಿ ಸ್ಟಾರ್ಟ್ ಆಗವಲ್ದು."

"ಮೀಟರ್ ಪಕ್ಕ ಹಸಿರು ದೀಪ ಉರೀತೈತಾ?"

"ಉರೀತೈತೆ. ದೀಪ ಉರಿದ್ರೆ ಏನ್ ಬಂತು, ದೇವರ ಮುಂದೂ ಉರೀತೈತೆ."

ನಾವಿಬ್ಬರೂ ಬಸ್ಸು ಹಿಡಿದು ಹೋದೆವು. ಒಂದು ಏರಿನ ಬುಡದಲ್ಲಿ ಗಾಡಿ ನಿಂತಿತ್ತು. ಸುತ್ತ ಎಂಟು ಜನ ನಾಲಿಗೆ ಹೊರಗೆ ಹಾಕಿಕೊಂಡು ಕುಳಿತಿದ್ದರು. ಆಗಿದ್ದು ಇಷ್ಟು: ಮಾಲೀಕರು ಕೀಲಿ ತಿರುಗಿಸಿದ್ದಾರೆ. ಸದ್ದಿಲ್ಲ. ಸರಿ, ಹಳೇ ಪದ್ಧತಿಯಂತೆ ದಿಬ್ಬದಿಂದ ಉರುಳಿಸಿದ್ದಾರೆ. ಢಬ್ ಎನ್ನಲಿಲ್ಲ, ಹೊಗೆ ಬರಲಿಲ್ಲ. ಗಾಡಿ ಬುಡಕ್ಕೆ ಬಂದು ನಿಂತಿದೆ. ದಾರಿಯಲ್ಲಿ ಹೋಗುವವರನ್ನು ಕರೆದು ಮತ್ತೆ ಮೇಲಕ್ಕೆ ತಳ್ಳಿಸಿದ್ದಾರೆ. ಮತ್ತೆ ಉರುಳಿಸಿದ್ದಾರೆ. ಹೀಗೆ ಮೂರು ಸಲ.

"ಒಂದ್ಸಲ ಆಕ್ಸಿಲರೇಟರ್ ಒತ್ತಿ ನೋಡಬಾರದಿತ್ತಾ?" ಎಂದೆ.

ಅವರಿಗೆ ಅವಮಾನವಾಯಿತು. "ಎಂಜಿನ್ ಹತ್ತದೆ ಆಕ್ಸಿಲರೇಟರ್ ಒತ್ತಾಕೆ ನಾನೇನು ನಿನ್ನೆ ಡ್ರೈವಿಂಗ್ ಕಲ್ತೋನಾ?"

ನಾನು ಹತ್ತಿ ಕುಳಿತು ಮೆಲ್ಲಗೆ ಒತ್ತಿದೆ. ಗಾಡಿ ತುಟಿ ಪಿಟಕ್ಕೆನ್ನದೆ ಇಡೀ ಏರು ಹತ್ತಿ ಮೇಲೆ ನಿಂತಿತು. ಎಂಟು ಜನರೂ ಗಾಡಿ ನೋಡಲಿಲ್ಲ, ಮಾಲೀಕರ ಮುಖ ನೋಡಿದರು. ಆ ನೋಟ ತಾಳಲಾರದೆ ಅವರು ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಿದರು, ಕಂಪನಿಯ ಪತ್ರಕ್ಕೂ ಅಲ್ಲೇ ಸಹಿ ಹಾಕಿದರು.

ಅಷ್ಟರಲ್ಲಿ ಮೇಸ್ತ್ರಿ ಮೀಟರ್ ಇಣುಕಿದರು. ಮೂರು ಸಲ ಉರುಳಿದ್ದಕ್ಕೆ ಬ್ಯಾಟರಿ ಒಂದು ಗೆರೆ ಜಾಸ್ತಿ ತೋರಿಸುತ್ತಿತ್ತು. "ನೋಡವ್ವಾ, ಡೀಸೆಲ್ಲೂ ಬೇಡ, ಕರೆಂಟೂ ಬೇಡ. ಎಂಟು ಜನ ಮಂಡಕ್ಕಿ ತಿಂದ್ರೆ ಓಡೋ ಗಾಡಿ ಮಾಡಿದೀವಿ ನಾವು" ಎಂದರು.

ಚನ್ನಗಿರಿಯ ಟೊಮೆಟೊ

ಎರಡನೆಯದು ಚನ್ನಗಿರಿಯ ಒಬ್ಬ ತರಕಾರಿ ಅಕ್ಕನದು. ಗಂಡ ಡ್ರೈವರು, ಅಕ್ಕ ಮಾಲಕಿ. ಬೆಳಗಾದರೆ ನಲ್ಲೂರು ಕಡೆಯ ಹಳ್ಳಿಗಳಲ್ಲಿ ಮನೆ ಮುಂದೆ ಹೋಗಿ ತರಕಾರಿ ಮಾರುತ್ತಾರೆ. ಕಿಟ್ ಕೂರಿಸಿದ ವಾರಕ್ಕೇ ಅಕ್ಕ ಷೆಡ್ಡಿಗೆ ಬಂದು ಒಂದು ಬುಟ್ಟಿ ಬಾಡಿದ ಟೊಮೆಟೊ ತಂದು ನನ್ನ ಮುಂದೆ ಕುಕ್ಕಿದರು.

"ನಿಮ್ಮ ಪುಣ್ಯ. ತಿನ್ರಿ."

"ಯಾಕಕ್ಕಾ, ಗಾಡಿ ಕೆಟ್ಟಿತಾ?"

"ಕೆಟ್ಟಿದ್ರೆ ಚಲೋ ಇತ್ತು. ಗಾಡಿ ಹೋತಂದ್ರೆ ಯಾರಿಗೂ ಗೊತ್ತೇ ಆಗಲ್ಲ. ಕಳ್ಳಬೆಕ್ಕು ಹೋದಂಗೆ ಹೋಗಿ ಬರಾಕೆ ಹತ್ತೀವಿ."

ಆಮೇಲೆ ತಿಳಿಯಿತು. ಅವರ ಹಳೇ ಗಾಡಿಯ ಸೈಲೆನ್ಸರಿಗೆ ತೂತು ಬಿದ್ದು, ಗಂಟಲು ಕಟ್ಟಿದ ಎಮ್ಮೆಯಂಥ ಒಂದು ಸದ್ದು ಬರುತ್ತಿತ್ತು. ಅದು ಕೇಳಿದೊಡನೆ ಹೆಂಗಸರು ಬುಟ್ಟಿ ಹಿಡಿದು ಹೊರಗೆ ಬರುತ್ತಿದ್ದರು. ಕೂಗುವ ಕೆಲಸವೇ ಇರಲಿಲ್ಲ. ಬೇಳೆ ಬೇಯಲು ಇಟ್ಟವರು ಆ ಸದ್ದು ಕೇಳಿ ಒಲೆ ಆರಿಸುತ್ತಿದ್ದರಂತೆ. ಈಗ ಎರಡು ಮನೆಗಳಲ್ಲಿ ಬೇಳೆ ಸೀದು, ಅದಕ್ಕೂ ಅಕ್ಕನೇ ಬೈಸಿಕೊಂಡಿದ್ದರು.

"ಮೈಕ್ ಹಾಕ್ಕೊಂಡು ಟೊಮೆಟೊ, ಬದನೆಕಾಯಿ ಅಂತ ಕೂಗಿಸ್ರಿ" ಎಂದೆ.

"ಅದನ್ನ ಎಲ್ಲರೂ ಕೂಗಿಸ್ತಾರೆ. ನನ್ನ ಗಿರಾಕಿಗಳಿಗೆ ನನ್ನ ಗಾಡಿ ಸದ್ದೇ ಬೇಕು. ಸದ್ದು ವಾಪಸ್ ಕೊಡ್ರಿ, ಪತ್ರ ಇಸ್ಕೊಳ್ರಿ."

ಏನು ಮಾಡುವುದು? ಆ ಗಾಡಿಯ ಎಂಜಿನ್ನನ್ನೇ ನಿಂತಲ್ಲಿ ಎಬ್ಬಿಸಿ, ನಾವು ಹಾಕಿದ್ದ ಹೊಸ ಸೈಲೆನ್ಸರ್ ಕಳಚಿ, ಅದೇ ತೂತಿನ ಸೈಲೆನ್ಸರ್ ಮತ್ತೆ ತೊಡಿಸಿ, ಸದ್ದನ್ನು ಮೊಬೈಲಿನಲ್ಲಿ ಹಿಡಿದು, ಮುಂದಿನ ಬಂಪರಿನ ಕೆಳಗೆ ಒಂದು ಸ್ಪೀಕರ್ ಕೂರಿಸಿದೆವು. ಊರೊಳಗೆ ಬಂದಾಗ ಗುಂಡಿ ಒತ್ತಿದರೆ ಹಳೇ ಎಮ್ಮೆ ಕೂಗುತ್ತದೆ. ಎಷ್ಟು ಜೋರಿರಬೇಕು ಎಂದು ಹೇಳುವ ಕೆಲಸ ಮೇಸ್ತ್ರಿಯದು. ಅವರು ಸ್ಪೀಕರಿನ ಮೇಲೆ ಅಂಗೈ ಇಟ್ಟು, "ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ" ಎಂದು ಏರಿಸುತ್ತಲೇ ಹೋದರು. ಎದುರಿನ ಬಟ್ಟೆ ಅಂಗಡಿಯವರು ಹೊರಗೆ ಬಂದು ಕೈಮುಗಿದ ಮೇಲೆಯೇ ನಿಂತದ್ದು. ಎಂಜಿನ್ ಸದ್ದು ಮತ್ತೆ ಸಿಕ್ಕಿತೆಂದು ಮನುಷ್ಯನಿಗೆ ಎಷ್ಟು ಹಿಗ್ಗು ನೋಡು ಎಂದುಕೊಂಡು ನಾನು ಕಣ್ಣೊರೆಸಿಕೊಂಡೆ.

ಆ ಜೋರಿಗೆ ಆಚೆಯ ಹಳ್ಳಿಯವರೂ ಹೊರಗೆ ಬಂದು ನಿಲ್ಲತೊಡಗಿದರು. ವ್ಯಾಪಾರ ಏರಿತು. ಅಕ್ಕ ತಾವೇ ಪತ್ರ ಬರೆದು ಕಂಪನಿಗೆ ಕಳಿಸಿದರು. ಪತ್ರದಲ್ಲಿ ಎರಡೇ ಸಾಲು: "ಗಾಡಿ ಮೊದಲಿನಂತೆಯೇ ಕೆಟ್ಟ ಸದ್ದು ಮಾಡುತ್ತಿದೆ. ನಮಗೆ ತುಂಬಾ ತೃಪ್ತಿಯಾಗಿದೆ."

ಅಜ್ಜಿ ತಾನೇ ಹೊರಟಳು

ಮೂರನೆಯದನ್ನು ಹೇಳುವಾಗ ಇವತ್ತಿಗೂ ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ. ಸಾವಿನ ವಿಷಯ.

ಜಗಳೂರು ಕಡೆಯ ಸೊಕ್ಕೆಯ ಗಾಡಿ. ಮಾಲೀಕರು ಸಂಭಾವಿತರು, ಊರಲ್ಲಿ ಯಾರಾದರೂ ತೀರಿಕೊಂಡರೆ ಬಾಡಿಗೆ ಇಲ್ಲದೆ ಪಿಕಪ್ ಕೊಡುವವರು. ಹಳೇ ಎಂಜಿನ್ ಶವಯಾತ್ರೆಯ ಹೆಜ್ಜೆಗೆ ತಕ್ಕಂತೆ ಮೆಲ್ಲಗೆ ಹೋಗಲಾರದೆ ಬಿಸಿಯಾಗಿ ನಿಲ್ಲುತ್ತಿತ್ತು. ಕಿಟ್ ಬಂದ ಮೇಲೆ ಆ ಕಾಟ ತಪ್ಪಿತು. ಮುಂದೆ ಭಜನೆಯವರು, ಹಿಂದೆ ಸದ್ದಿಲ್ಲದೆ ಗಾಡಿ. "ಈಗ ಭಜನೆ ಚೆಂದ ಕೇಳಿಸ್ತೈತೆ" ಎಂದು ಊರವರೂ ಮೆಚ್ಚಿದ್ದರು.

ಒಮ್ಮೆ ಒಬ್ಬ ಅಜ್ಜಿ ತೀರಿಕೊಂಡಳು. ತುಂಬು ಬಾಳು. ಕುರ್ಚಿಯಲ್ಲಿ ಕೂರಿಸಿ, ಹೂವು ಮುಡಿಸಿ, ಗಾಡಿಯ ಮೇಲೆ ತಂದರು. ಅಜ್ಜಿಗೆ ಇಬ್ಬರು ಮಕ್ಕಳು. ಹಿರಿಯವನ ಹೊಲ ಎಡಕ್ಕೆ, ಕಿರಿಯವನ ಹೊಲ ಬಲಕ್ಕೆ, ನಡುವೆ ಒಂದು ಬದು. ಆ ಬದುವನ್ನು ಇವನೊಂದು ವರ್ಷ ಒಂದು ಸಾಲು ಕೊರೆಯುವುದು, ಅವನೊಂದು ವರ್ಷ ಒಂದು ಸಾಲು ಕೊರೆಯುವುದು, ಬೈದಾಡುವುದು. ಮಾತು ನಿಂತು ಎಷ್ಟೋ ಕಾಲವಾಗಿತ್ತು. ದಾರಿ ಮುಗಿದು ಹೊಲ ಶುರುವಾಗುವಲ್ಲಿ ಗಾಡಿ ನಿಂತಿತು. ಅಲ್ಲಿ ಹತ್ತಿತು ಜಗಳ.

"ಅವ್ವ ನನ್ನ ಹೊಲದಾಗೆ ಮಣ್ಣು ಮಾಡು ಅಂದಿದ್ಲು."

"ನಿನಗ್ಯಾವಾಗ ಅಂದ್ಲು? ನನಗೆ ಅಂದಾಳೆ."

ಭಜನೆ ನಿಂತಿತು. ಹಿರಿಯರು ಸಮಾಧಾನ ಹೇಳಿದರು. ಮಾಲೀಕರೂ ಸಮಾಧಾನ ಹೇಳಲೆಂದು ಗಾಲಿಗೆ ಒಂದು ಕಲ್ಲು ಕೊಟ್ಟು ಇಳಿದರು. ಸದ್ದಿಲ್ಲ, ಹಾಗಾಗಿ ಗಾಡಿ ಆಫ್ ಆಗಿದೆ ಎಂದೇ ಅವರ ಲೆಕ್ಕ. ಕೀಲಿ ತಿರುಗಿಸಲಿಲ್ಲ, ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ. ಮೋಟಾರು ಜೀವಂತವಾಗಿತ್ತು. ಒಮ್ಮೆ ಆಕ್ಸಿಲರೇಟರ್ ಒತ್ತಿ ಹೊರಟ ಮೇಲೆ, ಬ್ರೇಕಿನಿಂದ ಕಾಲು ತೆಗೆದರೆ ಮೆಲ್ಲಗೆ ಮುಂದೆ ತೆವಳುವುದು ಆ ಕಿಟ್ಟಿನ ಗುಣ. ಕಲ್ಲೊಂದೇ ಅದನ್ನು ಹಿಡಿದು ನಿಲ್ಲಿಸಿತ್ತು.

ಕಿರಿಯ ಮಗ ಸಿಟ್ಟಿನಲ್ಲಿ ಕಾಲು ಝಾಡಿಸಿದ. ಕಲ್ಲು ಹಾರಿತು.

ಡ್ರೈವರಿಲ್ಲದ ಗಾಡಿ, ಒಂದಿಷ್ಟೂ ಸದ್ದಿಲ್ಲದೆ, ಅಜ್ಜಿಯನ್ನು ಕೂರಿಸಿಕೊಂಡು ಹೊರಟಿತು. ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ. ನೇರವಾಗಿ ಹೋಗಿ, ಮುಂದಿನ ಗಾಲಿಗಳನ್ನು ಬದುವಿನ ಮಣ್ಣಿಗೆ ಕೊಟ್ಟು ನಿಂತಿತು. ಅಜ್ಜಿಯ ತಲೆ ಮುಂದಕ್ಕೆ ಒಮ್ಮೆ ಬಾಗಿತು, ಹೂಂ ಎಂದಂತೆ.

ನೆರೆದಿದ್ದ ನೂರಾರು ಜನ ಕೈಮುಗಿದರು. ಆಮೇಲೆ ಹಿರಿಯ ಸೊಸೆ, "ನಮ್ಮತ್ತೆ ಬದುಕಿದ್ದಾಗಲೂ ಹಿಂಗೇ. ಮಾತು ಉದ್ದ ಆತಂದ್ರೆ ಎದ್ದು ಹೋಗಿಬಿಡೋಳು" ಎಂದಳು. ಮಕ್ಕಳಿಬ್ಬರೂ ಗಾಡಿಯ ಮುಂದೆ ಅಡ್ಡಬಿದ್ದು ಅತ್ತರು. ಅಜ್ಜಿಯನ್ನು ಬದುವಿನ ಮೇಲೆಯೇ ಮಣ್ಣು ಮಾಡಿದರು. ತಾಯಿ ಮಲಗಿದ ಬದುವನ್ನು ಇನ್ನು ಯಾವ ಮಗ ಕೊರೆಯುತ್ತಾನೆ? ಈಗ ಅಣ್ಣತಮ್ಮಂದಿರು ಮಾತಾಡುತ್ತಾರಂತೆ.

ಮಾಲೀಕರು ಮೂರು ದಿನ ಬಿಟ್ಟು ಷೆಡ್ಡಿಗೆ ಬಂದು ಗುಟ್ಟಾಗಿ ಇಷ್ಟನ್ನೂ ಹೇಳಿದರು. "ಹ್ಯಾಂಡ್‌ಬ್ರೇಕ್ ಮರೆತಿದ್ದೆ ಅಂತ ಊರಾಗೆ ಹೇಳಬೇಡ್ರಿ. ಮತ್ತೆ ಬದು ಕೊರೀತಾರೆ."

ನಾನು ನಕ್ಕೆ. ಮೇಸ್ತ್ರಿ ಮಾಲೀಕರ ಮುಖವನ್ನೇ ನೋಡುತ್ತಾ ಕೇಳಿದವರು ನಗಲಿಲ್ಲ. ಅವರ ಮುಖ ಬಿಳಿಚಿತ್ತು. "ಗಾಡಿ ಮುಂದೆ ಒಂದು ಕೂಸು ನಿಂತಿದ್ರೆ? ಕಣ್ಣು ಕಾಣದೋರು, ಕಿವಿ ಕೇಳದೋರು ಯಾರಾದ್ರೂ ನಿಂತಿದ್ರೆ?" ಎಂದರು. ಆ ದಿನವೇ ಎಲ್ಲ ಗಾಡಿಗಳನ್ನೂ ವಾಪಸ್ ಕರೆಸಿದರು. ಡ್ರೈವರ್ ಇಳಿದರೆ ಕೂಗುವ ಒಂದು ಬಜರ್, ಹಿಂದಕ್ಕೆ ಬಂದರೆ ಕೂಗುವ ಇನ್ನೊಂದು ಬಜರ್, ಅಂಗಡಿಯಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ದೊಡ್ಡವನ್ನೇ ತರಿಸಿ ಕೂರಿಸಿದರು. ಅವರು ಹೇಳಿದ್ದು ಸರಿ ಎಂದು ನನಗೂ ಅನ್ನಿಸಿತು, ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು.

ಸೊಕ್ಕೆಯವರ ಪತ್ರ ಕಂಪನಿಗೆ ಹೋಯಿತು. "ಈ ಗಾಡಿಯಿಂದ ಒಂದು ಬದುವಿನ ಜಗಳ ಬಗೆಹರಿಯಿತು. ಮೈಲೇಜೂ ಚೆನ್ನಾಗಿದೆ." ಮಾರನೇ ದಿನ ಕಂಪನಿಯ ಎಂಜಿನಿಯರ್ ಫೋನ್ ಮಾಡಿ ಗಂಭೀರವಾಗಿ ಕೇಳಿದರು: "ಮೇಡಂ, ಬದುವಿನ ಜಗಳ ಬಗೆಹರಿಸೋದು ಯಾವ ಸೆಟ್ಟಿಂಗ್‌ನಲ್ಲಿ ಬರುತ್ತೆ? ನಮ್ಮ ಪುಸ್ತಕದಲ್ಲಿ ಇಲ್ಲವಲ್ಲ."

ನಾಲ್ಕನೇ ಪತ್ರ

ನಾಲ್ಕನೇ ಗಾಡಿಗೆ ಮಾಲೀಕರು ಸಿಗಲಿಲ್ಲ. ಉಳಿದದ್ದು ಒಂದೇ, ಮೇಸ್ತ್ರಿಯವರು ದಿನಾ ಸಾಸ್ವೆಹಳ್ಳಿಯಿಂದ ಬಂದು ಹೋಗುವ ಅವರ ಸ್ವಂತ ಪಿಕಪ್ಪು. ಇಡೀ ಷೆಡ್ಡಿನಲ್ಲಿ ಅತಿ ಹೆಚ್ಚು ಅಲುಗಾಡುವ, ಗುಡುಗುವ ಗಾಡಿ ಅದು. ಕೇಳಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಅವರೇ, "ನಂದಕ್ಕೂ ಹಾಕು" ಎಂದರು. ಅವತ್ತು ನಾನು ಮನೆಗೆ ಹೋಗಿ ಊಟ ಮಾಡಲಿಲ್ಲ.

ಎಂಜಿನಿಯರ್ ಬರುವ ದಿನ ಬಂತು. ಬಂದವರು ಚಿಕ್ಕ ವಯಸ್ಸಿನವರು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಲ್ಯಾಪ್‌ಟಾಪು, ಕಂಕುಳಲ್ಲಿ ಫಾರಂ. ಮೇಸ್ತ್ರಿಯ ಗಾಡಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದರು. ಎಲ್ಲ ಹಸಿರು. "ರಿವರ್ಸ್ ಬಜರ್ ತೋರಿಸಿ" ಎಂದರು. ನಾನು ಹತ್ತಿ ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟೆ.

ಮೇಸ್ತ್ರಿ ತಂದ ಬಜರ್ ಅದು, ಸಾಮಾನ್ಯದ್ದಲ್ಲ. ಟೀ ಅಂಗಡಿಯವರು ಕಿವಿಗೆ ಬೆರಳಿಟ್ಟುಕೊಂಡರು. ಮರದ ಮೇಲಿದ್ದ ಕಾಗೆಗಳು ಎದ್ದವು. ಕನ್ನಡಿಯಲ್ಲಿ ನೋಡುತ್ತೇನೆ, ಗಾಡಿಯ ಹಿಂದೆ ಮೇಸ್ತ್ರಿ ನಮಗೆ ಬೆನ್ನು ಹಾಕಿಕೊಂಡು ನಿಂತು ಒಂದು ನಟ್ಟನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. ಸರಿಯುತ್ತಾರೆ ಎಂದುಕೊಂಡೆ. ಸರಿಯಲಿಲ್ಲ. "ಮೇಸ್ತ್ರೀ!" ಎಂದು ಕಿರುಚಿ ಬ್ರೇಕ್ ಒತ್ತಿದೆ. ಗಾಡಿ ಅವರ ಸೊಂಟಕ್ಕೆ ಮೆತ್ತಗೆ ತಾಗಿ ನಿಂತಿತು.

ಮೇಸ್ತ್ರಿ ಕೆಂಡದಂತೆ ತಿರುಗಿದರು. "ಒಂದು ಹಾರ್ನ್ ಹೊಡಿಯಾಕೆ ಏನಾಗಿತ್ತು ನಿಂಗೆ?"

ಬಜರ್ ಇನ್ನೂ ಬೊಬ್ಬೆ ಹೊಡೆಯುತ್ತಲೇ ಇತ್ತು.

ಟೀ ಅಂಗಡಿಗೆ ಅಂಗಡಿಯೇ ನಕ್ಕಿತು. ನಾನೂ ನಗಲು ಬಾಯಿ ತೆರೆದವಳು ಹಾಗೇ ನಿಂತೆ. ಬಾಯಿಗೆ ಹೋದ ಸ್ಕ್ರೂಡ್ರೈವರ್, ನನ್ನ ಕೈಗೆ ಬರುವ ಫೋನು, ಸ್ಪೀಕರಿನ ಮೇಲಿಟ್ಟ ಅಂಗೈ, ಎದುರಿಗೆ ಬಂದು ಮಾತಾಡ್ರಿ ಎಂಬ ಸಿಟ್ಟು, ಎಲ್ಲವೂ ಒಟ್ಟಿಗೆ ಬಂದು ಎದೆಗೆ ಗುದ್ದಿದವು.

ಎಂಜಿನಿಯರ್ ನಗಲಿಲ್ಲ. ಫಾರಂ ತೆಗೆದರು. "ಮೇಡಂ, ಇವರಿಗೆ ಕಿವಿ ಕೇಳಿಸೋದಿಲ್ಲ ಅಲ್ವಾ?"

"ಕೇಳಿಸ್ತೈತೆ ಸರ್. ಸ್ವಲ್ಪ ಸಿಟ್ಟು ಜಾಸ್ತಿ ಅಷ್ಟೇ" ಎಂದೆ. ನನ್ನ ದನಿ ನನಗೇ ಸುಳ್ಳೆನಿಸಿತು.

ಅವರು ಒಂದು ಸಾಲು ತೋರಿಸಿದರು. ಮುಖ್ಯ ಮೆಕ್ಯಾನಿಕ್ ಗಾಡಿಯಲ್ಲಿನ ಅಸಹಜ ಸದ್ದನ್ನು ಗುರುತಿಸಬಲ್ಲರೇ? ಹೌದು, ಇಲ್ಲ. "ನಾನು ಇಲ್ಲಿ ಏನು ಬರೀಲಿ, ನೀವೇ ಹೇಳಿ. ಇಲ್ಲ ಅಂತ ಬರೆದ್ರೆ ಬೋರ್ಡು ಬರಲ್ಲ."

ಬೋರ್ಡು ಹೋಯಿತು, ಮೇಸ್ತ್ರಿಯೂ ಹೋದರು ಎಂದು ನನ್ನ ಕಣ್ಣಲ್ಲಿ ನೀರು ತುಂಬಿತು. ಆದರೆ ಮೇಸ್ತ್ರಿ ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಒಂದು ಕೈಯಲ್ಲಿ ಸೊಂಟ ಸವರಿಕೊಳ್ಳುತ್ತಾ, ಇನ್ನೊಂದು ಕೈಯನ್ನು ಗಾಡಿಯ ಹಿಂಬಾಗಿಲ ಮೇಲಿಟ್ಟುಕೊಂಡು ಹುಬ್ಬು ಗಂಟಿಕ್ಕಿದ್ದರು.

"ಯವ್ವಾ, ಜಾಕ್ ಏರಿಸಿ ಗಾಲಿ ತಿರುಗಿಸು" ಎಂದರು.

ತಿರುಗಿಸಿದೆ. ಅವರು ಗಾಡಿಯ ಕೆಳಗೆ ಹೊಕ್ಕು, ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು. ಹೊರಗೆ ಬಂದು, "ಮೋಟಾರಿನ ಹಿಂದಿನ ಬೇರಿಂಗು. ಬಿಚ್ಚು" ಎಂದರು.

"ಸಾಧ್ಯವೇ ಇಲ್ಲ. ನೋಡಿ, ಎಲ್ಲ ಹಸಿರು ತೋರಿಸ್ತಿದೆ" ಎಂದರು ಎಂಜಿನಿಯರ್. ಮೋಟಾರಿನ ಹತ್ತಿರ ಬಗ್ಗಿ ಕಿವಿ ಇಟ್ಟು ಕೇಳಿದರು. "ಏನೂ ಸದ್ದಿಲ್ಲ."

ನಾನೂ ಕಿವಿ ಇಟ್ಟೆ. ನಿಜವಾಗಿಯೂ ಏನೂ ಕೇಳಿಸಲಿಲ್ಲ. ಆದರೂ ಬಿಚ್ಚಿದೆವು. ಬೇರಿಂಗನ್ನು ತೊಳೆದು ಬಿಸಿಲಿಗೆ ಹಿಡಿದರೆ ಒಂದು ಗುಂಡಿನ ಮೇಲೆ ಸಾಸಿವೆಯಷ್ಟು ಚಕ್ಕೆ ಎದ್ದಿತ್ತು. ಹಾಗೇ ಓಡಿಸಿದ್ದರೆ ಒಂದು ದಿನ ಲೋಡಿನಲ್ಲಿ, ನಡುರಸ್ತೆಯಲ್ಲಿ ಹಿಂದಿನ ಗಾಲಿ ಹಿಡಿದುಕೊಳ್ಳುತ್ತಿತ್ತು. ಎಂಜಿನಿಯರ್ ಬೇರಿಂಗನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೇಸ್ತ್ರಿಯ ಎದುರಿಗೆ ಬಂದು ನಿಂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದರು.

"ಹೇಗೆ ಕಂಡುಹಿಡಿದಿರಿ?"

"ನನ್ನ ಸೊಂಟಕ್ಕೆ ಬಂದು ತಾಗಿತಲ್ಲ, ಆವಾಗಲೇ ಗೊತ್ತಾತು. ಒಂದು ಕಡೆ ಕೆರೀತಿತ್ತು" ಎಂದರು ಮೇಸ್ತ್ರಿ.

ಎಂಜಿನ್ನಿಗೆ ಮುತ್ತು ಕೊಡುವವರನ್ನು ಊರೆಲ್ಲ ನೋಡಿತ್ತು. ಸೊಂಟದಲ್ಲಿ ರೋಗ ಹಿಡಿಯುವವರನ್ನು ಅವತ್ತೇ ಕಂಡದ್ದು. ಎಂಜಿನಿಯರ್ ಫಾರಂ ಅನ್ನು ಬಾನೆಟ್ಟಿನ ಮೇಲಿಟ್ಟು, ಆ ಸಾಲಿನ ಮುಂದೆ "ಹೌದು" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಸಹಿ ಮಾಡಿದರು. ನಾಲ್ಕನೇ ಪತ್ರ ಬೇಡ, ಈ ಬೇರಿಂಗೇ ಸಾಕು ಎಂದು ಅದನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಅವರು ಹೋದ ಮೇಲೆ ಷೆಡ್ಡಿನಲ್ಲಿ ನಾವಿಬ್ಬರೇ ಉಳಿದೆವು. ನಾನು ಅವರ ಎದುರಿಗೆ ಒಂದು ಟೈರು ಎಳೆದುಕೊಂಡು ಕುಳಿತೆ.

"ಎಷ್ಟು ವರ್ಷ ಆತು?"

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿಟ್ಟರು. "ಒಂಬತ್ತು."

"ಯಾರಿಗೂ ಹೇಳಲಿಲ್ಲ ಯಾಕೆ?"

"ಮನೆಯಾಕೆಗೆ ಗೊತ್ತು. ಇಲ್ಲಿ ಯಾಕೆ ಹೇಳಬೇಕು? ಎಂಜಿನ್ ಓಡುವಾಗ ಈ ಷೆಡ್ಡಿನಾಗೆ ಯಾರಿಗೆ ಏನು ಕೇಳಿಸ್ತಿತ್ತು? ನೀವೂ ಕೈಸನ್ನೆ, ನಾನೂ ಕೈಸನ್ನೆ. ಎಲ್ಲರೂ ಕಿವುಡರೇ. ನಿನ್ನ ಮೋಟಾರು ಬಂದು ನೀವೆಲ್ಲ ಮೆಲ್ಲಗೆ ಮಾತಾಡಾಕೆ ಶುರು ಮಾಡಿದ್ರಿ ನೋಡು, ಆವಾಗ ನಾನೊಬ್ನೇ ಉಳಿದುಬಿಟ್ಟೆ."

ಅದಕ್ಕೇ ಅವತ್ತು ಮುಖ ಸಣ್ಣದಾದದ್ದು. ನನಗೆ ಅಳು ತಡೆಯಲಾಗಲಿಲ್ಲ. ಹನ್ನೊಂದು ವರ್ಷ ಒಂದೇ ಸೂರಿನ ಕೆಳಗೆ ಕೆಲಸ ಮಾಡಿ, ಒಬ್ಬ ಮನುಷ್ಯನ ಕಿವಿ ಹೋದದ್ದು ತಿಳಿಯದೆ ಹೋದೆನಲ್ಲ ಎಂದು ಬಿಕ್ಕಿದೆ. ಅವರು ಗ್ರೀಸು ಕೈಯಲ್ಲೇ ನನ್ನ ತಲೆ ನೇವರಿಸಿ ಕೂದಲೆಲ್ಲ ಹಾಳು ಮಾಡಿದರು.

ಅಳುತ್ತಲೇ ಹೇಳಿದೆ. "ನಿಮ್ಮ ಎಂಜಿನ್ ಸದ್ದು ಕಿತ್ಕೊಂಡೆ, ಕರೆಂಟ್ ಗಾಡಿ ತಂದು ನಿಮ್ಮ ಹೊಟ್ಟೆ ಉರಿಸಿದೆ ಅಂತ ಇಷ್ಟು ದಿನ ನನಗೆ ಸರಿಯಾಗಿ ನಿದ್ದೆ ಇಲ್ಲ ಮೇಸ್ತ್ರೀ."

ಮೇಸ್ತ್ರಿ ನನ್ನ ತುಟಿಯನ್ನೇ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹಲ್ಲಿನ ಗುರುತು ಬಿದ್ದ ಆ ಸ್ಕ್ರೂಡ್ರೈವರಿನಿಂದ ನನ್ನ ತಲೆಗೆ ಮೆತ್ತಗೆ ಒಂದು ಕೊಟ್ಟರು.

"ಹುಚ್ಚಿ. ಒಂಬತ್ತು ವರ್ಷದಿಂದ ನನಗೆ ಎಲ್ಲಾ ಗಾಡಿನೂ ಕರೆಂಟ್ ಗಾಡಿನೇ!"